“ಆಪರೇಷನ್ ಅಂದ್ಮೇಲೆ ನೋವಿರಲ್ವೇನ್ರೀ?”

ನಮ್ಮ ದಾವಣಗೆರೆಯಲ್ಲಿ ಬೆನ್ನುನೋವಿಲ್ಲದ ಮನುಷ್ಯನನ್ನು ಹುಡುಕಿ ತರುವುದು ಬಲು ಕಷ್ಟದ ಕೆಲಸ. ಮಂಡಿಪೇಟೆಯಲ್ಲಿ ಚೀಲ ಹೊರುವ ಹಮಾಲರಿಗೆ ಬೆನ್ನುನೋವು. ಆ ಚೀಲಗಳ ಲೆಕ್ಕ ಬರೆಯುತ್ತ ಬೆಳಗಿನಿಂದ ಗಾದಿ ಬಿಟ್ಟೇಳದ ಗುಮಾಸ್ತರಿಗೂ ಬೆನ್ನುನೋವು. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಬಗ್ಗಿದವರಿಗೆ, ಬೆಣ್ಣೆ ದೋಸೆಯ ಹೆಂಚಿನ ಮುಂದೆ ನಿಂತವರಿಗೆ, ಹರಿಹರದಿಂದ ದಿನಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಕ್ಕಿಸಿಕೊಂಡು ಬರುವವರಿಗೆ, ಎಲ್ಲರಿಗೂ ಒಂದೇ ರಾಗ.

ಇವರಲ್ಲಿ ಬಹುಪಾಲು ಜನಕ್ಕೆ ಆಪರೇಷನ್ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಡಿಸ್ಕ್ ಜಾರಿ ಸೊಂಟದಿಂದ ಕಾಲಿಗೆ ನೋವು ಇಳಿದವರಲ್ಲಿ ಕೂಡ ಹೆಚ್ಚಿನವರು 6ರಿಂದ 12 ವಾರಗಳಲ್ಲಿ ಚಾಕು ಮುಟ್ಟದೆಯೇ ಸುಧಾರಿಸುತ್ತಾರೆ. ಆದರೆ ಕೆಲವರಿಗೆ ಬೇರೆ ದಾರಿ ಇರುವುದಿಲ್ಲ. ಕಾಲಿನ ಶಕ್ತಿ ಕುಂದುತ್ತಾ ಬಂದವರಿಗೆ, ವಾರಗಟ್ಟಲೆ ಔಷಧ ತೆಗೆದುಕೊಂಡರೂ ನೋವು ಜಗ್ಗದವರಿಗೆ, ನರದ ಕಾಲುವೆ ಕಿರಿದಾಗಿ ನಾಲ್ಕು ಹೆಜ್ಜೆ ಇಡಲಾಗದ ಹಿರಿಯರಿಗೆ ಸರ್ಜನ್ನರು ಬೆನ್ನು ಬಿಚ್ಚಲೇಬೇಕಾಗುತ್ತದೆ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗದಲ್ಲಿ ಜೋಮು ಹಿಡಿದರೆ ಅಂದೇ ಆಸ್ಪತ್ರೆಗೆ ಓಡಬೇಕು. ಅಂಥವರಿಗೆ ನಾಳೆ ಎನ್ನುವ ಮಾತೇ ಇಲ್ಲ.

ನಮ್ಮ ಇವತ್ತಿನ ಮಾತು ಆಪರೇಷನ್ ಮುಗಿದ ಮೇಲಿನದು. ಆ ರಾತ್ರಿಯದು, ಮಾರನೆಯ ದಿನದ್ದು, ಮನೆಗೆ ಬಂದ ಮೇಲಿನ ಆರು ವಾರದ್ದು. ಅದರ ಬಗ್ಗೆ ಊರಿನಲ್ಲಿ ಮಾತೇ ಇಲ್ಲ, ಅದಕ್ಕೇ ಈ ಕಾಲಂ.

“ತಡ್ಕೊಳ್ಳಿ” ಎಂಬ ಔಷಧ

ಎಪಿಎಂಸಿ ಯಾರ್ಡಿನ ಒಬ್ಬ ಹಮಾಲರ ಕತೆ ಕೇಳಿ. ಹೆಸರು ಬೇಡ. ವಯಸ್ಸು ನಲವತ್ತು ದಾಟಿದೆ. ಡಿಸ್ಕ್ ಜಾರಿ ಎಡಗಾಲು ಸೆಳೆಯತೊಡಗಿದಾಗ ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಸರ್ಜನ್ನರ ಕೈಗುಣ ಚೆನ್ನಾಗಿತ್ತು. ಕಾಲಿನ ಸೆಳೆತ ಅಂದೇ ನಿಂತಿತು. ಆದರೆ ರಾತ್ರಿ ಅರಿವಳಿಕೆ ಇಳಿಯಿತು ನೋಡಿ, ಬೆನ್ನಿನ ನೋವು ಶುರುವಾಯಿತು.

“ನೋವು ಅಂದ್ರೆ ನೋವು ಸಾರ್, ಮಗ್ಗಲು ಬದ್ಲಿಸಾಕೆ ಆಗ್ಲಿಲ್ಲ” ಅನ್ನುತ್ತಾರೆ ಅವರು. ಹೆಂಡತಿ ಮೂರು ಸಲ ಡ್ಯೂಟಿ ರೂಮಿಗೆ ಹೋಗಿ ಕೇಳಿದರು. ಮೂರನೇ ಸಲ ಸಿಕ್ಕ ಉತ್ತರ: “ಆಪರೇಷನ್ ಅಂದ್ಮೇಲೆ ನೋವಿರಲ್ವೇನ್ರೀ? ಸ್ವಲ್ಪ ತಡ್ಕೊಳ್ಳಿ.”

ಬೆಳಿಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟ್ರು, “ಏನಪ್ಪಾ, ಎದ್ದು ಓಡಾಡಿದ್ಯಾ?” ಎಂದು ಕೇಳಿದರು. ಎದ್ದು ಓಡಾಡುವುದೇ? ಕೆಮ್ಮಿದರೆ ಹೊಲಿಗೆ ಹರಿದಂತೆ ಆಗುತ್ತಿದ್ದುದರಿಂದ ಆ ಮನುಷ್ಯ ಕೆಮ್ಮನ್ನೇ ನುಂಗಿಕೊಂಡು ಮಲಗಿದ್ದರು. ಕಫ ಕಟ್ಟಿತು, ಜ್ವರ ಬಂತು. ಮೂರು ದಿನಕ್ಕೆ ಊರಿಗೆ ಬರಬೇಕಾದವರು ಹನ್ನೊಂದನೇ ದಿನ ಬಂದರು. ಅಷ್ಟು ದಿನ ಜೊತೆಗಿದ್ದ ಹೆಂಡತಿಯ ಕೂಲಿಯೂ ಹೋಯಿತು. ಆಪರೇಷನ್ ಖರ್ಚನ್ನು ಆರೋಗ್ಯ ಕಾರ್ಡು ನೋಡಿಕೊಂಡಿತು. ಕೂಲಿಯನ್ನು ಯಾವ ಕಾರ್ಡು ನೋಡಿಕೊಳ್ಳುತ್ತದೆ?

ಆ ನರ್ಸಮ್ಮನನ್ನು ಬೈಯುವುದು ನಮ್ಮ ಉದ್ದೇಶವಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ಎಷ್ಟು ಮಂಚಕ್ಕೆ ಓಡಿಯಾರು? ಅವರ ಮುಂದಿದ್ದ ಕೇಸ್ ಶೀಟಿನಲ್ಲಿ ನೋವಿನ ಔಷಧದ ಬಗ್ಗೆ ಏನು ಬರೆದಿತ್ತು, ನೋವು ಜಾಸ್ತಿಯಾದರೆ ಯಾರನ್ನು ಕರೆಯಬೇಕೆಂದು ಬರೆದಿತ್ತೇ? ಕೇಳಬೇಕಾದ ಪ್ರಶ್ನೆ ಅದು. “ತಡ್ಕೊಳ್ಳಿ” ಅನ್ನುವುದು ಒಬ್ಬರ ಬಾಯಿಂದ ಬಂದ ಮಾತಾದರೂ ಅದು ಒಂದು ಪದ್ಧತಿಯ ಮಾತು. ಆ ಪದ್ಧತಿ ಹಳೆಯದಾಯಿತು ಸ್ವಾಮಿ.

ನೋವು ಸುಮ್ಮನೆ ಕೂರುವುದಿಲ್ಲ

ನಮ್ಮ ಜನಕ್ಕೆ ಒಂದು ನಂಬಿಕೆ ಉಂಟು. ನೋವು ತಿಂದಷ್ಟೂ ಗಟ್ಟಿ, ಔಷಧ ಕೇಳಿದವನು ಪುಕ್ಕಲ. ಗಂಡಸರಲ್ಲಂತೂ ಇದು ಇನ್ನೂ ಜಾಸ್ತಿ. ಹೆಂಗಸರು ಕೇಳಿದರೆ “ಹೆರಿಗೆ ನೋವು ತಿಂದವಳಿಗೆ ಇದ್ಯಾವ ಲೆಕ್ಕ” ಎಂದು ಬಾಯಿ ಮುಚ್ಚಿಸುತ್ತಾರೆ.

ವೈದ್ಯಶಾಸ್ತ್ರ ಹೇಳುವುದೇ ಬೇರೆ. ಬೆನ್ನಿನ ಆಪರೇಷನ್ನಿನಲ್ಲಿ ಮೂಳೆಗೆ ಅಂಟಿದ ಸ್ನಾಯುವನ್ನು ಬಿಡಿಸಿ ಪಕ್ಕಕ್ಕೆ ಎಳೆದು ಹಿಡಿಯಬೇಕಾಗುತ್ತದೆ. ತಿರುಪು, ಸರಳು ಹಾಕಿ ಎರಡು ಮಣಿಗಳನ್ನು ಬೆಸೆಯುವ ‘ಫ್ಯೂಷನ್’ ಆದರೆ ಇನ್ನೂ ದೊಡ್ಡ ಗಾಯ. ಜೊತೆಗೆ, ಆಪರೇಷನ್ ಟೇಬಲ್ಲಿಗೆ ಬರುವ ಹೊತ್ತಿಗೆ ಈ ರೋಗಿಗಳು ತಿಂಗಳುಗಟ್ಟಲೆ ನೋವು ತಿಂದಿರುತ್ತಾರೆ. ಅವರ ನರಗಳು ಆಗಲೇ ಕೆರಳಿರುತ್ತವೆ. ಬೇರೆಯವರಿಗೆ ಚುರುಕ್ಕೆನ್ನುವುದು ಇವರಿಗೆ ಬೆಂಕಿ.

ಆ ನೋವನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ರೋಗಿ ಉಸಿರನ್ನು ಪೂರ್ತಿ ಎಳೆಯುವುದಿಲ್ಲ, ಕೆಮ್ಮುವುದಿಲ್ಲ. ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ದಾರಿ. ಏಳುವುದಿಲ್ಲ, ಕಾಲು ಆಡಿಸುವುದಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಆ ಹೆಪ್ಪು ಶ್ವಾಸಕೋಶಕ್ಕೆ ಹಾರಿದರೆ ಜೀವಕ್ಕೇ ಕುತ್ತು. ನಿದ್ದೆ ಇಲ್ಲ. ಮೈ ಒತ್ತಡಕ್ಕೆ ಸಿಕ್ಕು ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಗಾಯ ಕೀವಾಗುವುದು ಸುಲಭ. ಮೊದಲ ದಿನಗಳ ಕಡುನೋವಿಗೆ ಸಿಕ್ಕವರಲ್ಲಿ ಆ ನೋವು ತಿಂಗಳುಗಟ್ಟಲೆ ಬೇರೂರುವ ಸಂಭವವೂ ಹೆಚ್ಚು.

ಅಂದರೆ ನೋವಿಗೆ ಔಷಧ ಕೊಡುವುದು ದಾಕ್ಷಿಣ್ಯವಲ್ಲ. ಅದು ಆಪರೇಷನ್ನಿನ ಅರ್ಧ ಭಾಗ. ಮನೆ ಕಟ್ಟಿ ಕ್ಯೂರಿಂಗಿಗೆ ನೀರು ಹಾಕದ ಮೇಸ್ತ್ರಿಗೆ ನಾವು ಏನನ್ನುತ್ತೇವೆ? ಇದೂ ಹಾಗೆಯೇ.

ಡೆನ್ಮಾರ್ಕಿನ ಡಾಕ್ಟ್ರು ಕೇಳಿದ ಪ್ರಶ್ನೆ

ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದವರು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್. ಬೆನ್ನಿನ ಡಾಕ್ಟ್ರಲ್ಲ, ಹೊಟ್ಟೆ ಕರುಳಿನ ಡಾಕ್ಟ್ರು. 1990ರ ದಶಕದಲ್ಲಿ ಅವರು ತುಂಬಾ ಸರಳವಾದ ಪ್ರಶ್ನೆಯೊಂದನ್ನು ಹಿಡಿದು ಕೂತರು: ಆಪರೇಷನ್ ಚೆನ್ನಾಗಿ ಆಗಿದೆಯಲ್ಲ, ಆದರೂ ಈ ರೋಗಿ ಇನ್ನೂ ಆಸ್ಪತ್ರೆಯ ಮಂಚದ ಮೇಲೆ ಏಕಿದ್ದಾನೆ?

ಹುಡುಕಿದರೆ ಸಿಕ್ಕ ಉತ್ತರ ನೋವು, ವಾಕರಿಕೆ, ಹೊಟ್ಟೆಗಿಲ್ಲದ ನಿಶ್ಶಕ್ತಿ, ತೆಗೆಯದೆ ಬಿಟ್ಟ ಟ್ಯೂಬುಗಳು, “ಅಲ್ಲಾಡಬೇಡಿ” ಎಂಬ ಹಳೆಯ ಅಪ್ಪಣೆ. ಒಂದೊಂದನ್ನೂ ಬಿಡಿಬಿಡಿಯಾಗಿ ಸರಿಮಾಡುತ್ತಾ ಹೋದರು. 1999ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಲ್ಲಿ, ಹೊಟ್ಟೆ ಕೊಯ್ದು ದೊಡ್ಡಕರುಳಿನ ಭಾಗ ತೆಗೆದ ರೋಗಿಗಳು ಸಾಮಾನ್ಯವಾಗಿ 2 ದಿನಕ್ಕೆ ಮನೆಗೆ ಹೋಗಿದ್ದರು. ಅದಕ್ಕೆ ಮುಂಚೆ ವಾರಕ್ಕೂ ಮೇಲೆ ಮಲಗುವುದು ಮಾಮೂಲಿಯಾಗಿತ್ತು.

ಈ ಪದ್ಧತಿಗೆ ಇಂಗ್ಲಿಷಿನಲ್ಲಿ ‘ಎನ್‌ಹಾನ್ಸ್ಡ್ ರಿಕವರಿ’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಬೇಗ ಚೇತರಿಕೆ’. 2010ರಲ್ಲಿ ಇದಕ್ಕೆಂದೇ ಅಂತಾರಾಷ್ಟ್ರೀಯ ವೈದ್ಯರ ಸಂಘ, ‘ಇರಾಸ್ ಸೊಸೈಟಿ’, ಹುಟ್ಟಿತು. ಕರುಳಿನಿಂದ ಹಿಡಿದು ಕೀಲಿನವರೆಗೆ ಒಂದೊಂದು ಆಪರೇಷನ್ನಿಗೂ ನಿಯಮಾವಳಿ ಬರೆಯುತ್ತಾ ಬಂದು 2021ರಲ್ಲಿ ಸೊಂಟದ ಫ್ಯೂಷನ್ ಆಪರೇಷನ್ನಿಗೂ ನಿಯಮಾವಳಿ ಪ್ರಕಟಿಸಿತು. ಈ ಪದ್ಧತಿ ಅನುಸರಿಸಿದ ಕಡೆ ಬೆನ್ನಿನ ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನ ಕಡಿಮೆ, ಬೇಕಾಗುವ ಅಫೀಮು ಜಾತಿಯ ಔಷಧವೂ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಇದೇನು ಕೋಟಿ ರೂಪಾಯಿಯ ಯಂತ್ರವೇ? ಅಲ್ಲ. ಎಂಆರ್‌ಐ ಯಂತ್ರ ಬಂದರೆ ಮಂತ್ರಿಗಳು ಬಂದು ಟೇಪು ಕತ್ತರಿಸುತ್ತಾರೆ, ಫೋಟೋ ಬರುತ್ತದೆ. ನೋವಿನ ಚಾರ್ಟಿಗೆ ಟೇಪು ಕಟ್ಟಲು ಬರುವುದಿಲ್ಲ. ಅದಕ್ಕೇ ಇರಬೇಕು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ!

ಹಾಗಾದರೆ ಏನು ಮಾಡಬೇಕಂತೆ?

ಪಿಯುಸಿ ಬಿಟ್ಟ ನಮ್ಮಂಥವರಿಗೂ ಅರ್ಥವಾಗುವ ಸಂಗತಿಗಳೇ ಇವು.

ಆಪರೇಷನ್ನಿಗೆ ಮುಂಚೆ ರೋಗಿಯನ್ನು ಕೂರಿಸಿಕೊಂಡು ಮಾತಾಡಬೇಕು. ಎಷ್ಟು ನೋವಿರುತ್ತದೆ, ಅದಕ್ಕೆ ಏನು ಕೊಡುತ್ತೇವೆ, ಯಾವಾಗ ಎಬ್ಬಿಸುತ್ತೇವೆ, ಎಲ್ಲ ಹೇಳಬೇಕು. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಬೇಕು. ಹೊಗೆ ಎಳೆಯುವವರಲ್ಲಿ ಬೆಸೆದ ಮೂಳೆ ಕೂಡುವುದು ಕಷ್ಟ. ಸಕ್ಕರೆ ಹತೋಟಿಗೆ ಬರಬೇಕು.

ಉಪವಾಸದ ವಿಷಯ. “ರಾತ್ರಿ ಹತ್ತರ ಮೇಲೆ ಒಂದು ಹನಿ ನೀರೂ ಬೇಡ” ಅನ್ನುವುದು ಹಳೆಯ ಕಟ್ಟಳೆ. ಮಧ್ಯಾಹ್ನ ಎರಡಕ್ಕೆ ಆಪರೇಷನ್ ಆದರೆ ಆ ಬಡಪಾಯಿ ಹದಿನಾರು ತಾಸು ಒಣಗಬೇಕು! ಈಗಿನ ನಿಯಮದಂತೆ ಹೆಚ್ಚಿನ ರೋಗಿಗಳಿಗೆ ಅರಿವಳಿಕೆಗೆ 6 ತಾಸು ಮುಂಚಿನವರೆಗೆ ಲಘು ಆಹಾರ, 2 ತಾಸು ಮುಂಚಿನವರೆಗೆ ನೀರಿನಂಥ ತಿಳಿ ಪಾನೀಯ ನಡೆಯುತ್ತದೆ. ಹಾಲು ಹಾಕಿದ ಟೀ ತಿಳಿ ಪಾನೀಯವಲ್ಲ, ನೆನಪಿರಲಿ. ಕೆಲವು ಕಾಯಿಲೆಯವರಿಗೆ ಲೆಕ್ಕ ಬೇರೆ ಇರುತ್ತದೆ. ಆದ್ದರಿಂದ ಅರಿವಳಿಕೆ ಡಾಕ್ಟ್ರನ್ನು ಕೇಳಿ, ಅವರು ಹೇಳಿದಂತೆ ನಡೆಯಿರಿ. ಆದರೆ ಕೇಳಿ.

ಇನ್ನು ನೋವಿನ ಔಷಧ. ನೋವು ಮೆದುಳಿಗೆ ಹೋಗುವುದು ಒಂದೇ ದಾರಿಯಲ್ಲಲ್ಲ. ಆದ್ದರಿಂದ ಒಂದೇ ಔಷಧವನ್ನು ಸುರಿಯುವ ಬದಲು ಬೇರೆ ಬೇರೆ ಔಷಧಗಳನ್ನು ಸ್ವಲ್ಪ ಸ್ವಲ್ಪ ಕೊಟ್ಟು ಎಲ್ಲ ದಾರಿಗೂ ಗೇಟು ಹಾಕುವುದು ಹೊಸ ಪದ್ಧತಿ. ಅಡಿಪಾಯ ಪ್ಯಾರಾಸಿಟಮಾಲ್. ನಗಬೇಡಿ, ಜ್ವರದ ಮಾತ್ರೆಯೆಂದು ನಾವು ಕಡೆಗಣಿಸುವ ಅದೇ ಪ್ಯಾರಾಸಿಟಮಾಲನ್ನು ಗಡಿಯಾರ ನೋಡಿ ಹೊತ್ತು ಹೊತ್ತಿಗೆ ಕೊಟ್ಟರೆ ಉಳಿದ ಔಷಧಗಳ ಹೊರೆ ಇಳಿಯುತ್ತದೆ. ಅದರ ಮೇಲೆ, ಕಿಡ್ನಿ, ಹೊಟ್ಟೆ, ಹೃದಯ ಚೆನ್ನಾಗಿರುವವರಿಗೆ ಕೆಲವು ದಿನ ಮಾತ್ರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಔಷಧ. ಹೊಲಿಗೆ ಹಾಕುವ ಮುನ್ನ ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್. ಅಲ್ಟ್ರಾಸೌಂಡ್ ನೋಡುತ್ತಾ ಬೆನ್ನಿನ ಸ್ನಾಯುವಿನ ಪದರದ ಕೆಳಗೆ ಔಷಧ ಬಿಡುವ ‘ಇರೆಕ್ಟರ್ ಸ್ಪೈನೆ ಬ್ಲಾಕ್’ ಎಂಬ ವಿಧಾನ 2016ರಲ್ಲಿ ಬೆಳಕಿಗೆ ಬಂತು. ಈಗ ಬೆನ್ನಿನ ಆಪರೇಷನ್ನಿಗೂ ಅದನ್ನು ಬಳಸುತ್ತಾರೆ. ಇಷ್ಟಾದರೂ ನೋವು ಮೀರಿದರೆ ಮಾರ್ಫೀನ್‌ನಂಥ ಬಲವಾದ ಔಷಧ, ಅಳತೆ ಮಾಡಿ, ಕಣ್ಣಿಟ್ಟು, ಕೆಲವು ದಿನಕ್ಕೆ. ವಾಕರಿಕೆ ಮತ್ತು ಮಲಬದ್ಧತೆ ಬರುವ ಮುಂಚೆಯೇ ಅದಕ್ಕೂ ಔಷಧ. ತಿಣುಕಿದರೆ ಬೆನ್ನಿಗೆ ಎಷ್ಟು ಬಾಧೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಆಮೇಲೆ ಎಬ್ಬಿಸಬೇಕು. ಸಾಮಾನ್ಯ ಡಿಸ್ಕ್ ಆಪರೇಷನ್ ಆದವರನ್ನು ಅದೇ ದಿನ ಸಂಜೆ ಅಥವಾ ಮಾರನೇ ಬೆಳಿಗ್ಗೆ, ಫ್ಯೂಷನ್ ಆದವರನ್ನೂ ಬಹುತೇಕ ಮಾರನೇ ದಿನ, ಕೈ ಹಿಡಿದು ನಡೆಸಬೇಕು. ಮೂತ್ರದ ಟ್ಯೂಬು ಆದಷ್ಟು ಬೇಗ ತೆಗೆಯಬೇಕು; ಅದು ಸೋಂಕನ್ನೂ ತರುತ್ತದೆ, ರೋಗಿಯನ್ನು ಮಂಚಕ್ಕೂ ಕಟ್ಟುತ್ತದೆ. ನರದ ಹೊದಿಕೆಗೆ ತೂತು ಬಿದ್ದಂಥ ಕೆಲವು ಪ್ರಸಂಗದಲ್ಲಿ ಸರ್ಜನ್ನರೇ ಮಲಗಿರಲು ಹೇಳುತ್ತಾರೆ. ಅದು ಬೇರೆ ಮಾತು.

ಮತ್ತು ನೋವನ್ನು ಅಳೆಯಬೇಕು. ಬಿಪಿ ಬರೆಯುತ್ತಾರೆ, ಜ್ವರ ಬರೆಯುತ್ತಾರೆ. ನೋವನ್ನೂ ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೇಳಿ ಬರೆಯಬಹುದು. ಮಲಗಿದ್ದಾಗ ಕೇಳಿದರೆ ಸಾಲದು, ಮಗ್ಗುಲಾದಾಗ, ಎದ್ದಾಗ ಕೇಳಬೇಕು. ಮಲಗಿದ ಎತ್ತು ಕುಂಟುವುದು ಹೇಗೆ ಗೊತ್ತಾಗುತ್ತದೆ?

ಇದರಿಂದ ನೋವು ಸೊನ್ನೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಮ್ಮಲು, ನಡೆಯಲು, ನಿದ್ದೆ ಮಾಡಲು ಆಗುವಷ್ಟಕ್ಕೆ ನೋವು ಇಳಿಯಬೇಕು. ಗುರಿ ಅಷ್ಟೇ. ಅಷ್ಟು ಕೇಳುವುದು ಅತಿಯಾಸೆಯಲ್ಲ.

ಅಫೀಮಿನ ಭಯ, ಎರಡು ಕಡೆಯಿಂದ

ಮಾರ್ಫೀನ್ ಅಂದೊಡನೆ ಬೆಚ್ಚುವವರಿದ್ದಾರೆ. ಬೆಚ್ಚುವುದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ಪರ್ಡ್ಯೂ ಎಂಬ ಔಷಧ ಕಂಪನಿ 1996ರಲ್ಲಿ ‘ಆಕ್ಸಿಕಾಂಟಿನ್’ ಎಂಬ ಮಾತ್ರೆ ತಂದು, ಇದರ ಚಟ ಹತ್ತುವುದು ಅಪರೂಪ ಎಂದು ಡಾಕ್ಟ್ರುಗಳಿಗೆ ನಂಬಿಸಿತು. ಬೆನ್ನುನೋವಿಗೆಂದು ಶುರುಮಾಡಿದವರು ಎಷ್ಟೋ ಜನ ಬಿಡಲಾರದೆ ಹಾಳಾದರು, ಸತ್ತರು. 2007ರಲ್ಲಿ ಮತ್ತು 2020ರಲ್ಲಿ ಆ ಕಂಪನಿ ತಪ್ಪೊಪ್ಪಿಕೊಂಡಿತು. ನೋವಿನ ಹೆಸರಿನಲ್ಲಿ ಲಾಭ ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅದು ಪಾಠ.

ನಮ್ಮ ದೇಶದ ರೋಗ ಇದಕ್ಕೆ ತದ್ವಿರುದ್ಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದು ರೈತರು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಇಷ್ಟಾದರೂ ನೋವಿನಿಂದ ನರಳುವ ನಮ್ಮ ರೋಗಿಗೆ ಮಾರ್ಫೀನ್ ಸಿಗುವುದು ದುರ್ಲಭ. ಮನೆ ತುಂಬ ಭತ್ತ, ಮಕ್ಕಳಿಗೆ ಗಂಜಿಯಿಲ್ಲ!

1985ರ ಮಾದಕ ವಸ್ತು ಕಾಯ್ದೆಯ ಹೆದರಿಕೆ ಇದಕ್ಕೆ ದೊಡ್ಡ ಕಾರಣ. ಹತ್ತಾರು ಲೈಸೆನ್ಸು, ಒಂದು ಕಾಗದ ತಪ್ಪಿದರೆ ಜೈಲು ಎಂಬ ಭಯಕ್ಕೆ ಆಸ್ಪತ್ರೆಗಳು ಆ ಗೊಡವೆಯೇ ಬೇಡವೆಂದು ಕೈತೊಳೆದುಕೊಂಡವು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಆ ಬಳಿಕ ಮಾರ್ಫೀನ್, ಫೆಂಟಾನಿಲ್ ಸೇರಿದಂತೆ 6 ಔಷಧಗಳನ್ನು ಅತ್ಯಗತ್ಯವೆಂದು ಗುರುತಿಸಲಾಗಿದೆ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇವನ್ನು ಇಟ್ಟುಕೊಳ್ಳಬಹುದು. ಹತ್ತು ಬಾಗಿಲು ತಟ್ಟಬೇಕಾಗಿದ್ದ ಕಡೆ ಈಗ ಒಂದೇ ಬಾಗಿಲು. ಕಾನೂನು ಬದಲಾಗಿ ಹತ್ತು ವರ್ಷದ ಮೇಲಾಯಿತು, ಭಯ ಮಾತ್ರ ಬದಲಾಗಿಲ್ಲ.

ಆಪರೇಷನ್ನಿನ ನಂತರ ಡಾಕ್ಟ್ರ ಕಣ್ಗಾವಲಿನಲ್ಲಿ ನಾಲ್ಕಾರು ದಿನ ಕೊಡುವ ಅಳತೆಯ ಔಷಧಕ್ಕೂ ತಿಂಗಳುಗಟ್ಟಲೆ ಚೀಟಿ ಬರೆದು ಕೈಗಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಅಮೆರಿಕದ ತಪ್ಪು ಎರಡನೆಯದು. ನಮ್ಮ ತಪ್ಪು ಮೊದಲನೆಯದನ್ನೂ ಕೊಡದಿರುವುದು.

ಮೆಡಿಕಲ್ ಶಾಪಿನವರಿಗೆ ಒಂದು ಮಾತು

ಆಸ್ಪತ್ರೆಯಲ್ಲಿ ನೋವಿಗೆ ಉತ್ತರ ಸಿಗದ ರೋಗಿ ಎಲ್ಲಿಗೆ ಹೋಗುತ್ತಾನೆ? ನೇರ ಮೆಡಿಕಲ್ ಶಾಪಿಗೆ. “ಅಣ್ಣಾ, ಬೆನ್ನುನೋವಿಗೆ ಒಂದು ಶೀಟು ಕೊಡಿ.” ಚೀಟಿ ಕೇಳದೆ ಕೊಡುವವರೂ ಇದ್ದಾರೆ. ಚೀಟಿ ಕೇಳಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನಲ್ಲ!

ಆ ಶೀಟಿನಲ್ಲಿ ಎರಡು ಔಷಧ ಬೆರೆತಿರಬಹುದು. ಅದರಲ್ಲೊಂದು ಪ್ಯಾರಾಸಿಟಮಾಲ್ ಇರಬಹುದು. ಡಾಕ್ಟ್ರು ಬರೆದ ಪ್ಯಾರಾಸಿಟಮಾಲ್ ಬೇರೆ ನಡೆಯುತ್ತಿರುತ್ತದೆ. ದೊಡ್ಡವರಿಗೆ ಇದು ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ, ಲಿವರ್ ಕೆಟ್ಟವರಿಗೆ ಇನ್ನೂ ಕಡಿಮೆ. ಡೈಕ್ಲೊಫೆನಾಕ್ ಜಾತಿಯವನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಟ್ರಮಡಾಲ್ ಅಂತೂ 2018ರಿಂದ ಮಾದಕ ವಸ್ತು ಕಾಯ್ದೆಯ ಒಳಗೇ ಬಂದಿದೆ. ಚೀಟಿಯಿಲ್ಲದೆ ಕೊಡುವುದು ಆಟವಲ್ಲ. ಹೆಸರಿಲ್ಲದ ಪುಡಿ ಕಟ್ಟಿಕೊಡುವವರ ಬಳಿಗಂತೂ ಆಪರೇಷನ್ ಆದವರು ಸುಳಿಯಬಾರದು. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ನೋವು ಮಾಯವಾದಂತೆ ಕಾಣುತ್ತದೆ, ಒಳಗೆ ಗಾಯ ಕೊಳೆಯುತ್ತಿರುತ್ತದೆ.

ನಮ್ಮ ಔಷಧ ವ್ಯಾಪಾರಿಗಳಲ್ಲಿ ಮರ್ಯಾದಸ್ಥರು ಬಹಳ ಜನ ಇದ್ದಾರೆ. ಅವರಿಗೆ ನಮ್ಮ ವಿನಂತಿ ಇಷ್ಟೆ. “ಆಪರೇಷನ್ ಆಗಿದೆಯಾ? ಬೇರೆ ಏನು ಮಾತ್ರೆ ತಗೊಳ್ತಿದೀರಿ?” ಎಂಬ ಎರಡು ಪ್ರಶ್ನೆ ಕೇಳಿ. ಅರ್ಧ ನಿಮಿಷದ ಕೆಲಸ.

ಮನೆಗೆ ಬಂದ ಮೇಲೆ

ಮನೆಗೆ ಬಂದವರನ್ನು ನೋಡಲು ನೆಂಟರ ದಂಡು ಬರುತ್ತದೆ. ಬಂದವರೆಲ್ಲ ಡಾಕ್ಟ್ರೇ. “ಮೂರು ತಿಂಗಳು ಅಲ್ಲಾಡ್ಬೇಡಪ್ಪಾ” ಎಂದು ಸೋದರತ್ತೆ ಹೇಳಿದರೆ, “ನಾಳೆಯಿಂದ್ಲೇ ಅಂಗಡಿಗೆ ಬಾ” ಎಂದು ಪಾಲುದಾರ ಹೇಳುತ್ತಾನೆ. ಎರಡೂ ಸರಿಯಲ್ಲ.

ನಡೆಯಬೇಕು, ದಿನಕ್ಕೆ ನಾಲ್ಕಾರು ಸಲ, ಸ್ವಲ್ಪ ಸ್ವಲ್ಪ, ಹೆಚ್ಚಿಸುತ್ತಾ. ಬಗ್ಗುವುದು, ತಿರುಚುವುದು, ಎತ್ತುವುದು ಮೊದಲ ವಾರಗಳಲ್ಲಿ ಬೇಡ. ಹಾಸಿಗೆಯಿಂದ ಏಳುವಾಗ ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೆ ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು. ನೆಲದ ಮೇಲೆ ಕೂತು ಊಟ, ಕುಕ್ಕರುಗಾಲಿನಲ್ಲಿ ಕೂರುವ ಕಕ್ಕಸು ಕೆಲವು ವಾರ ಬಿಡಬೇಕು. ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಅಂಗಡಿಯವರೇ, ಗಾದಿಯ ಮೇಲೆ ಅರ್ಧ ತಾಸಿಗಿಂತ ಹೆಚ್ಚು ಒಂದೇ ಸಮ ಕೂರಬೇಡಿ, ಎದ್ದು ನಾಲ್ಕು ಹೆಜ್ಜೆ ಹಾಕಿ. ಬಸ್ಸಿನಲ್ಲಿ ಓಡಾಡುವವರೇ, ಡಾಕ್ಟ್ರು ಒಪ್ಪುವ ತನಕ ದೂರದ ಪ್ರಯಾಣ ಬೇಡ. ಒಪ್ಪಿದ ಮೇಲೂ ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ನಡುವಿನ ಸೀಟು ಕೇಳಿ. ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡವರು ನಿಂತಿದ್ದರೆ ನೀವೇ ಎದ್ದು ಜಾಗ ಕೊಡಿ.

ಜ್ವರ ಬಂದರೆ, ಗಾಯದಿಂದ ನೀರು ಅಥವಾ ಕೀವು ಒಸರಿದರೆ, ಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಮೂತ್ರ ಬಾರದಿದ್ದರೆ ಮಾತ್ರೆ ನುಂಗಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುತ್ತಿದ್ದರೆ ಅದೂ ಒಂದು ಸೂಚನೆಯೇ.

ಯಜಮಾನರಿಗೊಂದು ಮಾತು. ಇಎಸ್‌ಐ ಇರುವ ಕೆಲಸಗಾರನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಭಾಗ ಸಿಗುತ್ತದೆ. ದಿನಗೂಲಿ ಹಮಾಲನಿಗೆ ಸಾಮಾನ್ಯವಾಗಿ ಅದೂ ಇಲ್ಲ. ಹಾಗಾಗಿ ಅವನು ಹೊಲಿಗೆ ಆರುವ ಮುಂಚೆಯೇ ಚೀಲಕ್ಕೆ ಹೆಗಲು ಕೊಡುತ್ತಾನೆ. ನಿಮ್ಮಲ್ಲಿ ವರ್ಷಾನುಗಟ್ಟಲೆ ದುಡಿದವನಿಗೆ ಎರಡು ತಿಂಗಳು ತೂಕದ ಯಂತ್ರದ ಹತ್ತಿರವೋ, ಚೀಟಿ ಬರೆಯುವಲ್ಲೋ ಒಂದು ಹಗುರ ಕೆಲಸ ಕೊಡಲು ಆಗುವುದಿಲ್ಲವೇ? ಇನ್ನೊಮ್ಮೆ ಡಿಸ್ಕ್ ಜಾರಿದರೆ ಅವನೂ ಹೋದ, ನಿಮ್ಮ ಕೈಯಾಳೂ ಹೋದ.

ಸಂಬಂಧಪಟ್ಟವರು ಉತ್ತರ ಕೊಡಲಿ

ನಮ್ಮ ಜಿಲ್ಲೆಯಲ್ಲಿ ಬೆನ್ನಿನ ಆಪರೇಷನ್ ಮಾಡುವ ಎಲ್ಲ ಆಸ್ಪತ್ರೆಗಳಿಗೆ, ಸರ್ಕಾರಿಯಿರಲಿ, ಖಾಸಗಿಯಿರಲಿ, ನಾವು ಐದು ಪ್ರಶ್ನೆ ಕೇಳುತ್ತೇವೆ.

ಒಂದು: ಕೇಸ್ ಶೀಟಿನಲ್ಲಿ ಬಿಪಿ, ಜ್ವರದ ಪಕ್ಕ ನೋವಿನ ಅಂಕಿಗೆ ಒಂದು ಕಾಲಂ ಇದೆಯೇ? ಅದನ್ನು ರಾತ್ರಿಯೂ ತುಂಬುತ್ತಾರೆಯೇ?

ಎರಡು: ನೋವಿನ ಔಷಧ “ಬೇಕಾದರೆ ಕೊಡಿ” ಎಂದಿದೆಯೇ, ಹೊತ್ತು ಹೊತ್ತಿಗೆ ಕೊಡಲು ಬರೆದಿದೆಯೇ? ನೋವು ಮೀರಿದರೆ ರಾತ್ರಿ ಎರಡು ಗಂಟೆಗೆ ಯಾರನ್ನು ಕರೆಯಬೇಕೆಂದು ನರ್ಸಿಗೆ ಗೊತ್ತಿದೆಯೇ?

ಮೂರು: ರೋಗಿಯನ್ನು ಮಾರನೇ ದಿನ ಕೈಹಿಡಿದು ನಡೆಸಲು ಫಿಸಿಯೋಥೆರಪಿಯವರು ಇದ್ದಾರೆಯೇ? ಶನಿವಾರ ಆಪರೇಷನ್ ಆದವನು ಸೋಮವಾರದ ತನಕ ಮಲಗಿರಬೇಕೇ?

ನಾಲ್ಕು: ಮಾರ್ಫೀನ್ ಇಟ್ಟುಕೊಳ್ಳುವ ಮಾನ್ಯತೆ ಇದೆಯೇ? ಇದ್ದರೆ ಸ್ಟಾಕು ಇದೆಯೇ?

ಐದು: ಡಿಸ್ಚಾರ್ಜ್ ಚೀಟಿಯ ಜೊತೆ ಯಾವ ಮಾತ್ರೆ ಎಷ್ಟು ದಿನ, ಯಾವಾಗ ನಿಲ್ಲಿಸಬೇಕು, ಯಾವ ಲಕ್ಷಣಕ್ಕೆ ವಾಪಸ್ ಬರಬೇಕು ಎಂದು ಕನ್ನಡದಲ್ಲಿ ಬರೆದುಕೊಡುತ್ತಾರೆಯೇ?

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಸಿಬ್ಬಂದಿ ಸಾಲದು ಎಂಬ ಮಾತು ಬರುತ್ತದೆ. ಅದು ಸುಳ್ಳಲ್ಲ, ಆ ಹುದ್ದೆ ತುಂಬಿಸಲು ನಾವೂ ಜೊತೆಗೆ ಕೂಗುತ್ತೇವೆ. ಆದರೆ ಮೂರು ದಿನಕ್ಕೆ ಹೋಗಬೇಕಾದವನು ಹನ್ನೊಂದು ದಿನ ಮಲಗಿದರೆ ಅದೇ ಸಿಬ್ಬಂದಿಗೆ ಎಂಟು ದಿನದ ಹೆಚ್ಚಿನ ಕೆಲಸ ಅಲ್ಲವೇ? ಬಾಗಿಲಲ್ಲಿ ಕಾಯುತ್ತಿರುವ ಇನ್ನೊಬ್ಬನಿಗೆ ಆ ಮಂಚ ಸಿಗಲಿಲ್ಲ ಅಲ್ಲವೇ?

ಉತ್ತರ ಬಂದರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಚೆನ್ನಾಗಿ ನಡೆಸುತ್ತಿರುವ ಆಸ್ಪತ್ರೆಯಿದ್ದರೆ ಹೆಸರು ಹಾಕಿ ಶಹಭಾಸ್ ಅನ್ನುತ್ತೇವೆ.

ಓದುಗರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆನ್ನಿನ ಆಪರೇಷನ್ ಎಂದು ತಾರೀಕು ಕೊಟ್ಟಿದ್ದರೆ ಈ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಳ್ಳಿ. ಖರ್ಚೆಷ್ಟು ಎಂದು ಹೇಗೂ ಕೇಳುತ್ತೀರಿ. ಜೊತೆಗೆ ಇದನ್ನೂ ಕೇಳಿ: “ಸಾರ್, ಆಪರೇಷನ್ ಆದ ರಾತ್ರಿ ನೋವಿಗೆ ಏನು ಕೊಡ್ತೀರಿ? ಯಾವಾಗ ಎಬ್ಬಿಸ್ತೀರಿ?” ಒಳ್ಳೆಯ ಡಾಕ್ಟ್ರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕುರ್ಚಿ ಎಳೆದು ಕೂರಿಸಿ ಹೇಳುತ್ತಾರೆ.